ಮೊಮ್ಮಕ್ಕಳು ಕಾಲಿಗೆ ಬಿದ್ದರು, ಅಜ್ಜ ಅಜ್ಜಿಯರ ಪಾದ ಉಳಿಯಿತು: ನನ್ನ ಅನುಭವ

ಶುಗರ್ ಇರುವವರಿಗೆ ಪಾದದ ಆರೈಕೆ ಕಲಿಸಿ ನಾನು ಕೊಟ್ಟ ಪ್ರಶ್ನೆಪತ್ರಿಕೆಯಲ್ಲಿ ಒಬ್ಬ ಹಿರಿಯರಿಗೆ ಹತ್ತಕ್ಕೆ ಹತ್ತು ಬಂದಿತ್ತು. ಪಾದ ದಿನಕ್ಕೆ ಎಷ್ಟು ಸಲ ನೋಡಬೇಕು, ಆಣಿಯನ್ನು ಬ್ಲೇಡಿನಲ್ಲಿ ಯಾಕೆ ಕುಯ್ಯಬಾರದು, ಎಲ್ಲಕ್ಕೂ ಸರಿಯಾದ ಉತ್ತರ. ಅದೇ ವಾರ ಅವರ ಮನೆಗೆ ಹೋದೆ. ಬಲಗಾಲಿನ ಅಂಗಾಲಿಗೆ ಕಬ್ಬಿನ ಕೂಳೆ ಚುಚ್ಚಿ ಒಳಗೆ ಕೀವು ತುಂಬಿತ್ತು. "ನೋವೇ ಇಲ್ವಲ್ಲ ಕಣವ್ವ" ಎಂದರು. ಶುಗರ್‌ನಿಂದ ಕಾಲು ಮರಗಟ್ಟಿದರೆ ಗಾಯವಾದದ್ದೂ ಗೊತ್ತಾಗುವುದಿಲ್ಲ. ಆ ವರ್ಷ ಅವರ ಎರಡು ಬೆರಳು ಹೋದವು. ಖಾಸಗಿ ಆಸ್ಪತ್ರೆಯ ಬಿಲ್ ಸುಮಾರು 80 ಸಾವಿರ. ಸೊಸೆಯ ಬಳೆ ಗಿರವಿಗೆ ಹೋಯಿತು.

ನಾನು ಮಂಡ್ಯ ಕಡೆಯ ಒಂದು ಆರೋಗ್ಯ ಉಪಕೇಂದ್ರದಲ್ಲಿ ಸಿಎಚ್‌ಒ, ಅಂದರೆ ಸಮುದಾಯ ಆರೋಗ್ಯ ಅಧಿಕಾರಿ. ಬಂದು ಆರು ವರ್ಷವಾಯಿತು. ಶುಗರ್ ಇರುವವರು ನನ್ನ ಪಟ್ಟಿಯಲ್ಲಿ 70ರ ಹತ್ತಿರ ಇದ್ದಾರೆ. ಮೊದಲ ಎರಡು ವರ್ಷ ನಾನೂ ಎಲ್ಲರ ಹಾಗೇ ಮಾಡಿದೆ. ಸಮುದಾಯ ಭವನ, ಚಿತ್ರದ ಹಾಳೆಗಳು, ಟೀ ಬಿಸ್ಕತ್ತು, ಮೊದಲೊಂದು ಪ್ರಶ್ನೆಪತ್ರಿಕೆ, ಕೊನೆಗೊಂದು. ಮೊದಲು ಮೂರೋ ನಾಲ್ಕೋ ಅಂಕ ಬಂದವರಿಗೆ ಕೊನೆಯಲ್ಲಿ ಎಂಟು ಬರುತ್ತಿತ್ತು. ವರದಿ ಚೆನ್ನಾಗಿ ಕಾಣುತ್ತಿತ್ತು. ಮೂರು ವಾರ ಬಿಟ್ಟು ಮನೆಮನೆಗೆ ಹೋಗಿ ಕೇಳಿದರೆ, ನಿನ್ನೆ ಪಾದ ನೋಡಿಕೊಂಡವರು ನಾಲ್ಕೈದು ಜನ ಅಷ್ಟೇ. ತಿಳಿವಳಿಕೆ ತಲೆಗೆ ಹೋಗಿತ್ತು, ಕಾಲಿನವರೆಗೆ ಇಳಿದಿರಲಿಲ್ಲ.

ಆಮೇಲೆ ಕನ್ನಡಿ ಕೊಟ್ಟೆ. ನೆಲದ ಮೇಲಿಟ್ಟು ಅಂಗಾಲು ನೋಡಿಕೊಳ್ಳಲಿ ಅಂತ. ಒಂದಕ್ಕೆ 60 ರೂಪಾಯಿಯಂತೆ 40 ಕನ್ನಡಿ, ನನ್ನ ಸಂಬಳದ ದುಡ್ಡು. ತಿಂಗಳು ಕಳೆದ ಮೇಲೆ ನೋಡಿದರೆ ಬಹುಪಾಲು ಗೋಡೆಗೆ ನೇತು ಹಾಕಿದ್ದರು, ಗಡ್ಡ ಬೋಳಿಸಲು. ಅವರದ್ದೇನೂ ತಪ್ಪಿಲ್ಲ. ಮಂಡಿ ಬಗ್ಗುವುದಿಲ್ಲ, ಕಣ್ಣಿಗೆ ಪೊರೆ ಬಂದಿದೆ, ಸಂಜೆಗೆ ಬೆಳಕಿಲ್ಲ. ಹೇಗೆ ನೋಡಿಕೊಳ್ಳುತ್ತಾರೆ? ವಾಟ್ಸಾಪ್ ಗುಂಪು ಮಾಡಿ ದಿನಾ ಜ್ಞಾಪಿಸಿದೆ. ಫೋನು ಮಕ್ಕಳ ಕೈಯಲ್ಲಿ, ಸಂದೇಶ ಹಿರಿಯರಿಗೆ. ಅದೂ ಹೋಯಿತು.

ದಾರಿ ಸಿಕ್ಕಿದ್ದು ಒಂದು ನವೆಂಬರ್ 14ಕ್ಕೆ. ಅದು ಮಕ್ಕಳ ದಿನಾಚರಣೆ. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಬ್ಯಾಂಟಿಂಗ್ ಹುಟ್ಟಿದ ದಿನವೂ ಹೌದು, ಹಾಗಾಗಿ ವಿಶ್ವ ಮಧುಮೇಹ ದಿನವೂ ಅಂದೇ. ಎರಡು ಕಡೆ ಓಡಲು ಆಗದೆ ಎರಡನ್ನೂ ಶಾಲೆಯಲ್ಲೇ ಇಟ್ಟುಕೊಂಡೆ. ಅಲ್ಲಿ ಒಂದು ಹುಡುಗಿ ಅವರಜ್ಜಿಯ ಕಾಲಿಗೆ ಬಿದ್ದು ನಮಸ್ಕಾರ ಮಾಡಿದಳು. ಎದ್ದವಳೇ, "ಅಜ್ಜಿ, ನಿನ್ ಕಾಲ್ಬೆರಳ ಸಂದಿ ಬೆಳ್ಳಗೆ ಆಗೈತೆ" ಎಂದಳು. ಆ ಗಳಿಗೆ ನನಗೆ ಹೊಳೆಯಿತು. ನಮ್ಮಲ್ಲಿ ಹಿರಿಯರ ಪಾದದ ಹತ್ತಿರ ತಲೆ ತರುವವರು ಮಕ್ಕಳೇ ಅಲ್ವಾ?

ಐದರಿಂದ ಏಳನೇ ತರಗತಿಯ ಮಕ್ಕಳನ್ನು ಹಿಡಿದೆ. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜ ಅಜ್ಜಿಗೆ ನಮಸ್ಕಾರ, ಆಮೇಲೆ ಟಾರ್ಚು ಬಿಟ್ಟು ಅಂಗಾಲು, ಹಿಮ್ಮಡಿ, ಬೆರಳ ಸಂದಿ ನೋಡಬೇಕು. ಗಾಯ, ಬೊಬ್ಬೆ, ಬಣ್ಣ ಬದಲಾಗಿದ್ದು, ಒದ್ದೆ. ನೋಡಬೇಕಾದ್ದು ಈ ನಾಲ್ಕೇ. ಮುಳ್ಳು ಕಂಡರೂ ಕೀಳಬಾರದು, ಮುಟ್ಟಲೂಬಾರದು. ಬೆಳಿಗ್ಗೆ ಶಾಲೆಗೆ ಹೋಗುವ ದಾರಿಯಲ್ಲಿ ನನಗೆ ಹೇಳಬೇಕು. ನೋಡಿದ ದಿನ ಟಿಕ್ ಹಾಕಲು ಮಗುವಿಗೊಂದು ಹತ್ತು ರೂಪಾಯಿಯ ನೋಟ್‌ಬುಕ್. 35 ಮನೆಗೆ ಟಾರ್ಚೂ ಸೇರಿ ಮೂರು ಸಾವಿರದ ಒಳಗೆ ಮುಗಿಯಿತು.

ಮೀಟಿಂಗಿನಲ್ಲಿ ಒಬ್ಬರು, "ಮಕ್ಕಳ ಕೈಗೆ ಕೊಟ್ಟರೆ ಆಟ ಆಗುತ್ತೆ ಸಿಸ್ಟರ್" ಎಂದರು. ಇನ್ನೊಬ್ಬರು, "ಸುಮ್ನೆ ಸುಳ್ಳು ಟಿಕ್ ಹಾಕ್ತಾರೆ" ಎಂದರು. ಎರಡನೆಯ ಮಾತು ನಿಜವಾಗಿತ್ತು. ಮೊದಲ ತಿಂಗಳು ಅರ್ಧ ಪುಸ್ತಕಗಳಲ್ಲಿ ಒಂದೇ ದಿನ ಕೂತು ಹಾಕಿದ ಟಿಕ್ಕುಗಳಿದ್ದವು. ಅದನ್ನು ಹೇಗೆ ನಿಲ್ಲಿಸಿದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮಕ್ಕಳೂ ಓದಬಹುದು. ನಮ್ಮ ಉಪಕೇಂದ್ರಕ್ಕೆ ಬಂದವರಿಗೆ ಹೇಳುತ್ತೇನೆ. ಬೈದೂ ಅಲ್ಲ, ಚಾಕಲೇಟು ಕೊಟ್ಟೂ ಅಲ್ಲ, ಅಷ್ಟು ಮಾತ್ರ ಹೇಳಬಲ್ಲೆ.

ಪಾದಕ್ಕೆ ಸ್ಪರ್ಶ ಗೊತ್ತಾಗುತ್ತದೆಯೇ ಎಂದು ನೋಡುವ ನೈಲಾನ್ ಎಳೆ, ಮೋನೋಫಿಲಮೆಂಟ್, ನನ್ನ ಹತ್ತಿರ ಒಂದೇ ಇತ್ತು, ಅದೂ ಬಾಗಿ ಹೋಗಿತ್ತು. ಅದಕ್ಕೆ ಬರೀ ಬೆರಳಿನಿಂದ ಮಾಡುವ ಇಪ್ಸ್‌ವಿಚ್ ಮುಟ್ಟುವ ಪರೀಕ್ಷೆಯನ್ನು ಮಕ್ಕಳಿಗೇ ಕಲಿಸಿದೆ. ಅಜ್ಜಿ ಕಣ್ಣು ಮುಚ್ಚಬೇಕು. ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡು ಮೆಲ್ಲಗೆ ಮುಟ್ಟಬೇಕು, ಒತ್ತಬಾರದು. ಆರರಲ್ಲಿ ಎರಡು ಅಥವಾ ಹೆಚ್ಚು ಗೊತ್ತಾಗದಿದ್ದರೆ ನನ್ನ ಹತ್ತಿರ ಕರೆತರಬೇಕು. ಇದು ತಿಂಗಳಿಗೊಮ್ಮೆ. ಹಾಗೆ ಬಂದವರು 11 ಜನ ಇರಬೇಕು. ಅದರಲ್ಲಿ ಆರು ಮಂದಿಗೆ ತಮ್ಮ ಕಾಲು ಮರಗಟ್ಟಿದೆ ಎನ್ನುವುದೇ ತಿಳಿದಿರಲಿಲ್ಲ. ಗದ್ದೆಯಿಂದ ಬಂದು ಬಿಸಿನೀರಿನಲ್ಲಿ ಕಾಲು ಅದ್ದುವವರೂ ಅವರೇ. ಈಗ ಮೊಮ್ಮಗು ಮೊದಲು ಮೊಣಕೈ ಅದ್ದಿ ನೋಡುತ್ತದೆ.

ಈ ನಡುವೆ ಬೇರೆ ಎರಡು ಪ್ರಯೋಗವನ್ನೂ ಮಾಡಿ ನೋಡಿದೆ. ರಾಗಿಯಲ್ಲಿ ಸಕ್ಕರೆ ಇಲ್ಲ, ಎಷ್ಟು ಮುದ್ದೆಯಾದರೂ ಉಣ್ಣಬಹುದು ಎನ್ನುವ ನಂಬಿಕೆ ನಮ್ಮಲ್ಲಿ ಜಾಸ್ತಿ. ನಾಲ್ಕು ಜನರಿಗೆ ಒಂದು ದಿನ ಅವರ ರೂಢಿಯಂತೆ ಎರಡು ದೊಡ್ಡ ಮುದ್ದೆ, ಇನ್ನೊಂದು ದಿನ ಒಂದು ಸಣ್ಣ ಮುದ್ದೆ, ಬಸ್ಸಾರು, ಜೊತೆಗೆ ತುಂಬಾ ಪಲ್ಯ. ಎರಡು ಗಂಟೆ ಬಿಟ್ಟು ಅವರ ಕಣ್ಣೆದುರೇ ಬೆರಳು ಚುಚ್ಚಿ ಶುಗರ್ ನೋಡಿದೆ. ಮೊದಲ ದಿನ 260 ದಾಟಿತ್ತು, ಎರಡನೆಯ ದಿನ 200ರ ಆಸುಪಾಸು. ನಾಲ್ಕೇ ಜನ, ದೊಡ್ಡ ಸಾಕ್ಷಿ ಅಲ್ಲ. ಆದರೆ ನಾನು ನೂರು ಸಲ ಹೇಳಿ ಆಗದ್ದು ಆ ಯಂತ್ರದ ಅಂಕಿಯಿಂದ ಆಯಿತು.

ಇನ್ನೊಂದು ಇನ್ಸುಲಿನ್ ಮಡಕೆ. ಫ್ರಿಡ್ಜ್ ಇಲ್ಲದ ಮನೆಗಳಿಗೆ ದೊಡ್ಡ ಮಡಕೆಯೊಳಗೆ ಚಿಕ್ಕದು, ನಡುವೆ ಒದ್ದೆ ಮರಳು. ಏಪ್ರಿಲ್‌ನಲ್ಲಿ ಹೊರಗೆ 36 ಡಿಗ್ರಿ ಇದ್ದಾಗ ಒಳಗೆ 27 ತೋರಿಸಿತು. ಬಳಸುತ್ತಿರುವ ಇನ್ಸುಲಿನ್ ಸೀಸೆಗೆ, ಅಂದರೆ ವಯಲ್‌ಗೆ, ಸಾಕು. ಮರಳು ಒಣಗಲು ಬಿಟ್ಟರೆ ಪ್ರಯೋಜನವಿಲ್ಲ. ಒಂದು ಮನೆಯಲ್ಲಿ ಹಾಗೇ ಆಗಿ ವಯಲ್ ಎಸೆಯಬೇಕಾಯಿತು.

ಒಂದೂವರೆ ವರ್ಷದಲ್ಲಿ ಮಕ್ಕಳು ತಂದ ಸುದ್ದಿಯಿಂದ ಗಾಯ ಮೊದಲ ಎರಡು ಮೂರು ದಿನದಲ್ಲೇ ಸಿಕ್ಕಿದ್ದು ಒಂಬತ್ತೋ ಹತ್ತೋ ಸಲ. ಎಲ್ಲವೂ ಡ್ರೆಸ್ಸಿಂಗ್ ಮತ್ತು ಮಾತ್ರೆಯಲ್ಲಿ ಮಾಗಿದವು. ಆ 35 ಮನೆಗಳಲ್ಲಿ ಒಂದು ಬೆರಳೂ ಹೋಗಿಲ್ಲ. ಆಟ ಆಗುತ್ತೆ ಎಂದಿದ್ದವರು ಹೋದ ತಿಂಗಳು ನೋಟ್‌ಬುಕ್ಕಿನ ಮಾದರಿ ಕೇಳಿ ಪಡೆದರು. ಖುಷಿಯಿಂದ ಕೊಟ್ಟೆ.

ಉಳಿದಿರುವುದು ಮೊಮ್ಮಕ್ಕಳು ಬೆಂಗಳೂರಿನಲ್ಲಿರುವ ಮನೆಗಳು. ಮುದುಕರಿಬ್ಬರೇ ಇರುತ್ತಾರೆ. ಕೆಲವು ಕಡೆ ಒಬ್ಬರೇ. ಪಕ್ಕದ ಮನೆ ಮಕ್ಕಳನ್ನು ಕಳಿಸಿದರೆ ಕಾಲು ಚಾಚಲು ಸಂಕೋಚ. ಈ ಸಲ ಯುಗಾದಿಯಲ್ಲಿ ಬೇವು ಬೆಲ್ಲ ಕೊಡುವ ನೆಪದಲ್ಲಿ ನಾಲ್ಕು ಮಕ್ಕಳನ್ನು ಆ ಮನೆಗಳಿಗೆ ಕಳಿಸಿದೆ. ಮೂರು ಮನೆಯಲ್ಲಿ "ನಾಳೆಯೂ ಬಾ ಮಗ" ಎಂದರಂತೆ.