ಕ್ಲಾಡ್‌ಗೆ ನೆನಪಿನ ಸರ್ವರ್ ಜೋಡಿಸುವುದು ಹೇಗೆ

ನನ್ನದು ಕರಡು ತಿದ್ದುವ ಕೆಲಸ. ಒಬ್ಬ ಪ್ರಕಾಶಕರಿಗೆ ಡೆಮಿ 1/8 ಅಳತೆ, ಇಸವಿಗಳು ಅಂಕಿಯಲ್ಲೇ ಬೇಕು. ಇನ್ನೊಬ್ಬರಿಗೆ ಅಡಿಟಿಪ್ಪಣಿಯೆಲ್ಲ ಅಧ್ಯಾಯದ ಕೊನೆಗೆ ಹೋಗಬೇಕು. ಆಂಥ್ರೊಪಿಕ್ ಕಂಪನಿಯ ಎಐ ಸಹಾಯಕ ಕ್ಲಾಡ್‌ಗೆ ಪ್ರತಿ ಚಾಟ್‌ನಲ್ಲೂ ಇದನ್ನೇ ಹೇಳುತ್ತಾ ಕೂರುವುದು ಬೇಸರ, ಅಲ್ವಾ? ಹಾಗಾಗಿ ಕ್ಲಾಡ್‌ನ ನೆನಪನ್ನು ನನ್ನ ಕಂಪ್ಯೂಟರಿನ ಒಂದು ಫೈಲಿನಲ್ಲಿ ಇಟ್ಟಿದ್ದೇನೆ. ಬೇಕಾದಾಗ ತೆರೆದು ನೋಡಬಹುದು, ತಿದ್ದಬಹುದು.

ಆಂಥ್ರೊಪಿಕ್ 2024ರ ನವೆಂಬರ್‌ನಲ್ಲಿ ಹೊರತಂದ ಎಂಸಿಪಿಯಿಂದ (ಎಐ ಆ್ಯಪ್‌ಗೆ ಹೊರಗಿನ ಟೂಲ್‌ಗಳನ್ನು ಜೋಡಿಸುವ ವಿಧಾನ) ಇದು ಸಾಧ್ಯ. ಮೊದಲು ನೋಡ್ ಜೆಎಸ್ ಹಾಕಿಕೊಳ್ಳಿ, ಸರ್ವರ್ ಓಡಲು ಈ ಸಾಫ್ಟ್‌ವೇರ್ ಬೇಕು. ಕ್ಲಾಡ್ ಡೆಸ್ಕ್‌ಟಾಪ್‌ನ ಸೆಟ್ಟಿಂಗ್ಸ್‌ನಲ್ಲಿ ಡೆವಲಪರ್‌ಗೆ ಹೋಗಿ ಎಡಿಟ್ ಕಾನ್ಫಿಗ್ ಒತ್ತಿದರೆ ಸೆಟ್ಟಿಂಗ್‌ಗಳನ್ನು ಬರೆದಿಡುವ ಒಂದು ಜೇಸನ್ ಫೈಲ್ ಸಿಗುತ್ತದೆ. ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಎಂಸಿಪಿಯವರದೇ ಮೆಮೊರಿ ಸರ್ವರ್ ಪುಟವಿದೆ. ಇಲ್ಲಿ ಸರ್ವರ್ ಅಂದರೆ ನಿಮ್ಮ ಕಂಪ್ಯೂಟರಿನಲ್ಲೇ ಓಡುವ ಚಿಕ್ಕ ಪ್ರೋಗ್ರಾಂ. ಅಲ್ಲಿ ಎನ್‌ಪಿಎಕ್ಸ್ (NPX) ಎಂಬ ಹೆಸರಿನಡಿ ಇರುವ ಮಾದರಿಯನ್ನು ನಕಲು ಮಾಡಿ ಈ ಫೈಲಿಗೆ ಅಂಟಿಸಿ. ಮೊದಲೇ ಬೇರೆ ಸರ್ವರ್ ಇದ್ದರೆ ನಡುವೆ ಅಲ್ಪವಿರಾಮ ಬೇಕು. ಅದೊಂದು ತಪ್ಪಿದರೂ ಸರ್ವರ್ ಏಳುವುದಿಲ್ಲ.

ನೆನಪಿನ ಫೈಲ್ ಎಲ್ಲಿರಬೇಕು ಅಂತ ನೀವೇ ಹೇಳಿ. ಸುಮ್ನೆ ಬಿಟ್ಟರೆ ಅದು ಸರ್ವರ್‌ನ ಸ್ವಂತ ಫೋಲ್ಡರಿನಲ್ಲಿ ಕೂರುತ್ತದೆ, ಹುಡುಕುವುದು ಕಷ್ಟ. ಅದೇ ಗಿಟ್‌ಹಬ್ ಪುಟದಲ್ಲಿ ಫೈಲ್ ಪಾತ್, ಅಂದರೆ ಫೈಲಿನ ವಿಳಾಸ, ಕೊಡುವ ಮಾದರಿಯೂ ಇದೆ. ಪೂರ್ತಿ ಪಾತ್ ಬರೆಯಿರಿ. ವಿಂಡೋಸ್‌ನಲ್ಲಿ ಹಿಂದಕ್ಕೆ ಬಾಗಿದ ಗೆರೆಯನ್ನು (\) ಎರಡೆರಡು ಸಲ ಹಾಕಬೇಕು. ಆಮೇಲೆ ಆ್ಯಪ್ ಪೂರ್ತಿ ಕ್ವಿಟ್ ಮಾಡಿ ತೆರೆಯಿರಿ. ಕಿಟಕಿ ಮುಚ್ಚಿದರೆ ಸಾಲದು.

ಜೋಡಿಸಿದ ಮಾತ್ರಕ್ಕೆ ಅದು ತಾನಾಗಿ ಎಲ್ಲವನ್ನೂ ಬರೆದುಕೊಳ್ಳುತ್ತದೆ ಅಂದುಕೊಳ್ಳಬೇಡಿ. ಕ್ಲಾಡ್‌ನಲ್ಲಿ ಮಾಡಿಟ್ಟಿರುವ ನನ್ನ ಪ್ರಾಜೆಕ್ಟಿನ ಸೂಚನೆಯಲ್ಲಿ ಹೀಗಿದೆ: ‘ಕೆಲಸ ಶುರು ಮಾಡುವ ಮುಂಚೆ ಮೆಮೊರಿ ನೋಡು. ನಾನು ಹೇಳಿದರೆ ಮಾತ್ರ ಬರೆ. ಒಂದು ಸಾಲಿಗೆ ಒಂದೇ ವಿಷಯ.’ ಈ ಸರ್ವರ್ ನೆನಪನ್ನು ಮೂರು ಬಗೆಯಾಗಿ ಇಡುತ್ತದೆ: ಹೆಸರುಗಳು (ಎಂಟಿಟಿ), ಅವುಗಳ ನಂಟು (ರಿಲೇಶನ್), ಅವುಗಳ ಬಗ್ಗೆ ಟಿಪ್ಪಣಿ (ಅಬ್ಸರ್ವೇಶನ್). ನನಗೆ ಪ್ರಕಾಶಕರು, ಪುಸ್ತಕಗಳು ಬೇರೆ ಬೇರೆ ಎಂಟಿಟಿ. ಯಾವ ಪುಸ್ತಕ ಯಾರದು ಅನ್ನುವುದು ರಿಲೇಶನ್. ಅಳತೆ, ಅಡಿಟಿಪ್ಪಣಿಯ ನಿಯಮಗಳೆಲ್ಲ ಅಬ್ಸರ್ವೇಶನ್.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ತೊಡಕಿದೆ. ಈ ಸರ್ವರ್ ಹುಡುಕುವುದು ಅರ್ಥವನ್ನಲ್ಲ, ಅಕ್ಷರಗಳನ್ನು. ‘ಅಡಿಟಿಪ್ಪಣಿ’ ಅಂತ ಬರೆಸಿ ‘ಫುಟ್‌ನೋಟ್’ ಅಂತ ಹುಡುಕಿದರೆ ಕೈಗೆ ಸಿಗದು. ಎರಡೂ ಪದಗಳನ್ನು ಒಂದೇ ಸಾಲಿನಲ್ಲಿ ಬರೆಸಿಬಿಡಿ. ಫೈಲ್ ಚಿಕ್ಕದಿದ್ದರೆ, ಹುಡುಕುವ ಬದಲು ಪೂರ್ತಿ ಓದಲು ಹೇಳುವುದೇ ಸಲೀಸು.

ಸರ್ವರ್‌ನ ಓದುವ ಟೂಲ್‌ಗಳಿಗೆ ಸದಾ ಅನುಮತಿ ಕೊಟ್ಟಿದ್ದೇನೆ, ಅಳಿಸುವವು ಪ್ರತಿ ಸಲ ನನ್ನನ್ನು ಕೇಳುವಂತೆ ಇಟ್ಟಿದ್ದೇನೆ. ಪಾಸ್‌ವರ್ಡ್, ಫೋನ್ ನಂಬರ್ ಇದರಲ್ಲಿ ಹಾಕಬೇಡಿ. ಫೈಲಿಗೆ ಬೀಗವಿಲ್ಲ, ಕ್ಲಾಡ್ ಓದಿದ್ದೆಲ್ಲ ಆಂಥ್ರೊಪಿಕ್ ಕಂಪನಿಯ ಕಂಪ್ಯೂಟರುಗಳಿಗೂ ಹೋಗುತ್ತದೆ.