ಕಂಪೈಲರ್‌ಗೆ ಏನು ಖಾತ್ರಿ ಬೇಕು? ಆಪ್ಟಿಮೈಸೇಷನ್ ಅರಿಯುವ ದಾರಿ

ನಾವು ಬರೆದ ಕೋಡನ್ನು ಯಂತ್ರದ ಭಾಷೆಗೆ ಇಳಿಸುವಾಗ ಅದು ವೇಗವಾಗಿ ಓಡಲೆಂದು ಕಂಪೈಲರ್ ಮಾಡುವ ಮಾರ್ಪಾಡುಗಳೇ ಆಪ್ಟಿಮೈಸೇಷನ್‌ಗಳು. ಅವುಗಳ ಹೆಸರುಗಳನ್ನು ಬಾಯಿಪಾಠ ಮಾಡಲು ಹೋಗಬೇಡಿ. ಐಬಿಎಂನ ಕಂಪೈಲರ್ ಸಂಶೋಧಕರಾದ ಫ್ರಾನ್ಸಿಸ್ ಅಲೆನ್ ಮತ್ತು ಜಾನ್ ಕಾಕ್ 1971ರಲ್ಲೇ ಅವುಗಳ ಪಟ್ಟಿ ಮಾಡಿಟ್ಟಿದ್ದಾರೆ, ಬೇಕೆನಿಸಿದಾಗ ನೋಡಿಕೊಂಡರಾಯಿತು. ಯಾವ ಆಪ್ಟಿಮೈಸೇಷನ್ ಎದುರಾದರೂ ನಾನು ಮೊದಲು ಕೇಳಿಕೊಳ್ಳುವುದು ಒಂದೇ: ಇದನ್ನು ಮಾಡಲು ಕಂಪೈಲರ್‌ಗೆ ಯಾವ ಮಾತು ಖಾತ್ರಿಯಾಗಿರಬೇಕು?

ಸಿ ಭಾಷೆಯಲ್ಲಿ ಪುಟ್ಟ ಫಂಕ್ಷನ್ ಬರೆಯಿರಿ. ಅದು ಎರಡು ಇಂಟ್ ಪಾಯಿಂಟರ್ (ಪೂರ್ಣಾಂಕ ಇರುವ ಮೆಮೊರಿ ಜಾಗದ ವಿಳಾಸ) ತೆಗೆದುಕೊಳ್ಳಲಿ. ಮೊದಲನೆಯದು ತೋರಿಸುವ ಜಾಗದಲ್ಲಿ 5 ಇಡಿ, ಎರಡನೆಯದರಲ್ಲಿ 6 ಇಡಿ, ಆಮೇಲೆ ಮೊದಲನೆಯ ಜಾಗದಲ್ಲಿರುವುದನ್ನು ರಿಟರ್ನ್ ಮಾಡಿ. ಇದನ್ನು ಕಂಪೈಲರ್ ಎಕ್ಸ್‌ಪ್ಲೋರರ್‌ಗೆ, ಅಂದರೆ ಕೋಡ್‌ನಿಂದ ಹುಟ್ಟುವ ಅಸೆಂಬ್ಲಿ (ಯಂತ್ರದ ಆದೇಶಗಳ ಓದಬಲ್ಲ ರೂಪ) ತೋರಿಸುವ ಜಾಲತಾಣಕ್ಕೆ ಹಾಕಿ, ಜಿಸಿಸಿ ಎಂಬ ಕಂಪೈಲರ್ ಆರಿಸಿ, ಆಪ್ಟಿಮೈಸೇಷನ್ ಮಟ್ಟ ಓ2 (-O2) ಕೊಡಿ. ಮೆಮೊರಿಗೆ ಬರೆಯುವ ಎರಡು ಸ್ಟೋರ್ ಆದಮೇಲೆ ಮತ್ತೆ ಮೆಮೊರಿಯಿಂದ ಓದುವ ಒಂದು ಲೋಡ್ ಕಾಣುತ್ತದೆ. ಈಗಷ್ಟೇ 5 ಇಟ್ಟಿದ್ದಲ್ಲವೇ, ಮತ್ತೇಕೆ ಓದಬೇಕು? ಎರಡೂ ಪಾಯಿಂಟರ್ ಒಂದೇ ಜಾಗವನ್ನು ತೋರಿಸುತ್ತಿದ್ದರೆ ಉತ್ತರ 6, ಅದಕ್ಕೇ. ಇನ್ನು ಎರಡನೆಯದನ್ನು ಫ್ಲೋಟ್ (ದಶಮಾಂಶ ಸಂಖ್ಯೆ) ಪಾಯಿಂಟರ್ ಮಾಡಿ ನೋಡಿ. ಲೋಡ್ ಮಾಯವಾಗಿ, 5 ನೇರವಾಗಿ ಪ್ರೊಸೆಸರ್ ಒಳಗಿನ ರಿಜಿಸ್ಟರ್‌ಗೆ ಬಂದಿರುತ್ತದೆ. ಇಂಟ್ ಇರುವ ಜಾಗವನ್ನು ಫ್ಲೋಟ್ ಪಾಯಿಂಟರ್ ಮೂಲಕ ಮುಟ್ಟುವಂತಿಲ್ಲ ಎಂಬುದು ಸಿ ನಿಯಮ, ಕಂಪೈಲರ್ ಅದನ್ನೇ ನೆಚ್ಚಿಕೊಂಡಿದೆ. ಆ ನಿಯಮವನ್ನು ನೆಚ್ಚಬೇಡ ಎಂದು ಹೇಳುವ ನೋ-ಸ್ಟ್ರಿಕ್ಟ್-ಅಲಿಯಾಸಿಂಗ್ ಫ್ಲ್ಯಾಗ್ ಕೊಟ್ಟರೆ ಲೋಡ್ ವಾಪಸ್! ಒಂದು ಸಲಕ್ಕೆ ಒಂದನ್ನೇ ಬದಲಿಸಿ ಅಸೆಂಬ್ಲಿ ಹೋಲಿಸುವ ಈ ಅಭ್ಯಾಸ ಕಲಿಸುವಷ್ಟನ್ನು ಬೇರೇನೂ ಕಲಿಸದು ಎಂಬುದು ನನ್ನ ಗಟ್ಟಿ ನಂಬಿಕೆ.

ಅರೇ ಕೂಡಿಸುವ ಲೂಪ್‌ಗೂ ಅದೇ ಪ್ರಶ್ನೆ ಹಾಕಿ. ಎಕ್ಸ್86 ಪ್ರೊಸೆಸರ್‌ಗೆ ಇನ್ನೂ ಹೆಚ್ಚಿನ ಮಟ್ಟವಾದ ಓ3 ಕೊಟ್ಟರೆ ಇಂಟ್‌ಗಳು ನಾಲ್ಕು ನಾಲ್ಕಾಗಿ ಕೂಡಿಕೊಳ್ಳುತ್ತವೆ. ಫ್ಲೋಟ್ ಮಾತ್ರ ಒಂದಾದ ಮೇಲೊಂದು. ಫ್ಲೋಟ್‌ನಲ್ಲಿ ಕೂಡುವ ಕ್ರಮ ಬದಲಾದರೆ ರೌಂಡಿಂಗ್ ಬದಲಾಗಿ ಉತ್ತರವೂ ಬದಲಾಗಬಹುದು, ಆ ಹಕ್ಕು ಕಂಪೈಲರ್‌ಗಿಲ್ಲ. ಫಾಸ್ಟ್-ಮ್ಯಾಥ್ ಫ್ಲ್ಯಾಗ್ ಎಂದರೆ ಆ ಹಕ್ಕನ್ನು ನೀವೇ ಬರೆದುಕೊಟ್ಟಂತೆ. ಉತ್ತರದ ನಿಖರತೆ ಮುಖ್ಯವಾದ ಕಡೆ ಕೊಡಬೇಡಿ.

ಒಂದು ಆಪ್ಟಿಮೈಸೇಷನ್ ಇನ್ನೊಂದಕ್ಕೆ ದಾರಿ ಬಿಡುವುದನ್ನೂ ಗಮನಿಸಿ. ಫಂಕ್ಷನ್ ಕರೆಯುವ ಜಾಗಕ್ಕೆ ಅದರ ಕೋಡನ್ನೇ ತಂದಿಡುವ ಇನ್‌ಲೈನಿಂಗ್‌ನ ನಿಜವಾದ ಲಾಭ ಕಾಲ್‌ನ ಖರ್ಚು ಉಳಿಯುವುದರಲ್ಲಿ ಅಷ್ಟಿಲ್ಲ. ಆರ್ಗ್ಯುಮೆಂಟ್ ಕಾನ್‌ಸ್ಟಂಟ್ ಎಂದು ಗೊತ್ತಾಗಿ, ಒಳಗಿನ ಇಫ್‌ಗಳೇ ಬಿದ್ದುಹೋಗುವುದರಲ್ಲಿದೆ.

ಕೊನೆಗೆ, ಆಪ್ಟಿಮೈಸೇಷನ್ ಇಲ್ಲದ ಓ0ನಲ್ಲಿ ಸರಿಯಿದ್ದ ಕೋಡ್ ಓ2ನಲ್ಲಿ ಕೆಟ್ಟರೆ ಕಂಪೈಲರನ್ನು ದೂರುವ ಮುಂಚೆ ನಿಮ್ಮ ಕೋಡ್ ಅದಕ್ಕೆ ಯಾವ ಸುಳ್ಳು ಖಾತ್ರಿ ಕೊಟ್ಟಿದೆ ಎಂದು ಹುಡುಕಿ. ಸೈನ್ಡ್ ಇಂಟ್‌ಗೆ 1 ಕೂಡಿಸಿ, ಮೊದಲಿಗಿಂತ ಚಿಕ್ಕದಾಯಿತೇ ಎಂದು ಓವರ್‌ಫ್ಲೋ (ಮೌಲ್ಯ ಗರಿಷ್ಠ ಮಿತಿ ಮೀರುವುದು) ಪರೀಕ್ಷಿಸುವ ಸಾಲನ್ನು ಕಂಪೈಲರ್ ಅಳಿಸಿಹಾಕಬಹುದು, ಸಿ ಪ್ರಕಾರ ಆ ಓವರ್‌ಫ್ಲೋ ಆಗುವಂತೆಯೇ ಇಲ್ಲ. ಕೂಡಿಸುವ ಮೊದಲೇ ಗರಿಷ್ಠ ಮೌಲ್ಯದೊಡನೆ ಹೋಲಿಸಿ, ಇಂಥ ಉಳಿದ ಜಾಗಗಳನ್ನು ಹುಡುಕಲು ಸಿ ನಿಯಮ ಮೀರುವ ಇಂಥ ನಡೆಯನ್ನು ಓಡುವಾಗಲೇ ಹಿಡಿಯುವ ಅನ್‌ಡಿಫೈನ್ಡ್ ಬಿಹೇವಿಯರ್ ಸ್ಯಾನಿಟೈಸರ್ ಹಾಕಿ ಪ್ರೋಗ್ರಾಂ ಓಡಿಸಿ.