ಅರ್ಜೆಂಟ್ ಲೋಡಿಗೆ ಗಾಡಿ ಇಟ್ಟ ಕತೆ

ಪೀಣ್ಯದ ಒಂದು ಮಷೀನ್ ಶಾಪಿನಲ್ಲಿ ಒಂಬತ್ತು ವರ್ಷ ಡಿಸ್ಪ್ಯಾಚ್, ಅಂದರೆ ಮಾಲು ಕಳಿಸುವ ಕೆಲಸ ನೋಡಿಕೊಳ್ಳುತ್ತಿದ್ದೆ. ತಿಂಗಳಿಗೆ ಮೂರ್ನಾಲ್ಕು ಸಲ ಸಂಜೆ ಏಳರ ಮೇಲೆ ನಮ್ಮ ಮಾಲು ತಗೊಳ್ಳುವ ಹೊಸೂರಿನ ಫ್ಯಾಕ್ಟರಿಯಿಂದ ಫೋನು ಬರುತ್ತಿತ್ತು. 'ರಾತ್ರಿ ಪಾಳಿಗೆ ಮಾಲು ಬರಲಿಲ್ಲ ಅಂದ್ರೆ ಲೈನ್ ನಿಂತುಹೋಗುತ್ತೆ ಸಾರ್.' ದಿನದ ಗಾಡಿ ಆಗಲೇ ಹೊರಟಿರುತ್ತಿತ್ತು. ಸ್ಟ್ಯಾಂಡಿಗೆ ಓಡಿ, ಕೇಳಿದಷ್ಟು ಬಾಡಿಗೆ ಕೊಟ್ಟು ಕಳಿಸುತ್ತಿದ್ದೆವು. ಮೂರು ಕ್ರೇಟಿಗೆ ಇಡೀ ಗಾಡಿ! ಚೌಕಾಸಿ ಮಾಡಲು ಯಾರಿಗೂ ಪುರುಸೊತ್ತಿರಲಿಲ್ಲ. ಈ ಕೆಲಸ ನಾನೇ ಯಾಕೆ ಮಾಡಬಾರದು ಅಂತ ತಲೆಗೆ ಬಂದದ್ದು ಅಲ್ಲೇ.

ಸೆಕೆಂಡ್ ಹ್ಯಾಂಡ್ ಪಿಕಪ್ ತೆಗೆದುಕೊಂಡೆ. 5 ಲಕ್ಷ 40 ಸಾವಿರ. ಒಂದೂವರೆ ಲಕ್ಷ ಕೈಯಿಂದ ಹಾಕಿದೆ, ಉಳಿದದ್ದು ಸಾಲ. ಕಂತು ತಿಂಗಳಿಗೆ 11,800, ಮೂರೂವರೆ ವರ್ಷ. ದೊಡ್ಡ ಗಾಡಿ ತಗೋ ಅಂತ ಹೇಳಿದವರೇ ಜಾಸ್ತಿ. ನಾನು ಕೇಳಲಿಲ್ಲ. ಗಾಡಿ, ಮಾಲು ಎಲ್ಲ ಸೇರಿ 3000 ಕಿಲೋ ದಾಟದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ. ಅರ್ಜೆಂಟ್ ಮಾಲು ಸಾಮಾನ್ಯವಾಗಿ ನಾನೂರು, ಐನೂರು ಕಿಲೋ ಮೀರುವುದೂ ಇಲ್ಲ. ಲೈಸೆನ್ಸ್ ಚಿಂತೆಯೂ ಬೇಡ. ಒಟ್ಟು ತೂಕ 7500 ಕಿಲೋ ಒಳಗಿನ ಸರಕು ಗಾಡಿಗೆ ಎಲ್‌ಎಂವಿ (ಕಾರಿನಂಥ ಹಗುರ ವಾಹನದ) ಲೈಸೆನ್ಸೇ ಸಾಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿದೆ.

ನನ್ನ ಮೊದಲ ಲೋಡು ನೆನೆದರೆ ಈಗಲೂ ಕಾಲು ನೋಯುತ್ತದೆ. ಹೊಸೂರಿಗೆ, ರಾತ್ರಿ ಹತ್ತಕ್ಕೆ. 340 ಕಿಲೋ ಮಷೀನಿಂಗ್ ಆದ ಪಾರ್ಟು, ನೀಲಿ ಕ್ರೇಟಿನಲ್ಲಿ, ಎಣ್ಣೆ ಇನ್ನೂ ಹಸಿಹಸಿ. ನೈಸ್ ರೋಡು ಹಿಡಿದು, ಅತ್ತಿಬೆಲೆ ದಾಟಿ, ಹೇಳಿದ್ದಕ್ಕಿಂತ ಹತ್ತು ನಿಮಿಷ ಮೊದಲೇ ಗೇಟಿನಲ್ಲಿದ್ದೆ. ಸೆಕ್ಯುರಿಟಿ ಟಾರ್ಚನ್ನು ಮುಖಕ್ಕೆ ಬಿಡಲಿಲ್ಲ, ನನ್ನ ಕಾಲಿಗೆ ಬಿಟ್ಟ. ಚಪ್ಪಲಿ. 'ಸೇಫ್ಟಿ ಶೂ ಇಲ್ದೆ ಬಿಡಕ್ಕಾಗಲ್ಲ ಅಣ್ಣ.' ಒಳಗೆ ಲೈನ್ ನಿಲ್ಲುತ್ತೆ ಮಾರಾಯ ಅಂದೆ. 'ಲೈನ್ ನಂಗೊತ್ತಿಲ್ಲ, ಶೂ ತನ್ನಿ' ಅಂದ. ಸಾಲಿನಲ್ಲಿದ್ದ ಒಬ್ಬ ಲಾರಿ ಡ್ರೈವರ್ ತನ್ನ ಶೂ ಬಿಚ್ಚಿ ಕೊಟ್ಟ. ನನ್ನದು 9, ಅವನದು 7. ಬೆರಳು ಮಡಿಚಿಕೊಂಡು ಕ್ಲಚ್ ಒತ್ತುತ್ತಾ ಅನ್‌ಲೋಡಿಂಗ್ ಬೇವರೆಗೆ ಹೋದೆ. ಅಷ್ಟೂ ಹೊತ್ತು ಆತ ಬರಿಗಾಲಲ್ಲಿ ಗೇಟಿನ ಕಟ್ಟೆ ಮೇಲೆ ಕೂತು ಬೀಡಿ ಸೇದುತ್ತಿದ್ದ.

ಒಂಬತ್ತು ವರ್ಷ ಡಿಸ್ಪ್ಯಾಚಿನಲ್ಲಿದ್ದವನಿಗೆ ಇದು ಗೊತ್ತಿರಲಿಲ್ಲವಾ ಅಂತ ಕೇಳಬೇಡಿ. ನಾನು ಯಾವತ್ತೂ ಆ ಗೇಟಿನ ಆಚೆ ನಿಂತವನಲ್ಲ. ಈಗ ಸೀಟಿನ ಹಿಂದೆ ಶೂ, ರಿಫ್ಲೆಕ್ಟರ್ ಜಾಕೆಟ್ಟು, ಚಕ್ರಕ್ಕೆ ಕೊಡುವ ಎರಡು ಮರದ ಅಡ್ಡೆ ಸದಾ ಇರುತ್ತವೆ. ಆರ್‌ಸಿ, ಇನ್ಶೂರೆನ್ಸ್, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್), ಎಮಿಷನ್ ಎಲ್ಲದರ ಜೆರಾಕ್ಸ್ ಒಂದು ಫೈಲಿನಲ್ಲಿ. ಮೊಬೈಲಿನಲ್ಲಿದೆ ಅಂದರೆ ಕೆಲವು ಗೇಟುಗಳಲ್ಲಿ ಒಪ್ಪುವುದಿಲ್ಲ.

ಆ ರಾತ್ರಿಯ ಬಾಡಿಗೆ ಲೆಕ್ಕ ಇನ್ನೊಂದು ದಡ್ಡತನ. ಅರವತ್ತು ಕಿಲೋಮೀಟರ್ ಅಂತ 1,800 ಹೇಳಿದ್ದೆ. ವಾಪಸ್ ಖಾಲಿ ಬಂದೆ. ಅನ್‌ಲೋಡಿಗೆ ಐದು ಗಂಟೆ ಕಾಯಿಸಿದರು. ಅಷ್ಟು ಅರ್ಜೆಂಟ್ ಅಂದವರು! ಹದಿಮೂರು ಕಿಲೋಮೀಟರಿಗೆ ಒಂದು ಲೀಟರ್ ಡೀಸೆಲ್, ಎರಡು ಕಡೆ ಟೋಲು, ಊಟ ಎಲ್ಲ ಕಳೆದರೆ ಉಳಿದದ್ದು ಏಳುನೂರು ಚಿಲ್ಲರೆ. ಟೈರು, ಸರ್ವಿಸ್, ಕಂತು ಎಲ್ಲ ಅದರಲ್ಲೇ ಬರಬೇಕು. ಈಗ ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಲೆಕ್ಕ ಹಾಕುತ್ತೇನೆ. ರಿಟರ್ನ್ ಲೋಡ್ ಸಿಕ್ಕರೆ ಅದು ನನ್ನ ಅದೃಷ್ಟ, ಅದನ್ನು ನಂಬಿ ಬಾಡಿಗೆ ಇಳಿಸುವುದಿಲ್ಲ. ಎರಡು ಗಂಟೆ ದಾಟಿದರೆ ಹಾಲ್ಟಿಂಗ್, ಅಂದರೆ ಕಾಯಿಸಿದ್ದಕ್ಕೆ ದುಡ್ಡು, ಅದನ್ನು ಹೊರಡುವ ಮೊದಲೇ ವಾಟ್ಸಾಪಿನಲ್ಲಿ ಬರೆದು ಹಾಕುತ್ತೇನೆ. ಬಾಯಿ ಮಾತಿನ ಹಾಲ್ಟಿಂಗ್ ಯಾರೂ ಕೊಡಲ್ಲ.

ಗೇಟು ಬಿಡುವ ಮೊದಲು ಇ-ವೇ ಬಿಲ್ಲಿನಲ್ಲಿ (ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ಪತ್ರ) ಗಾಡಿ ನಂಬರ್ ಒಂದೊಂದೇ ಅಕ್ಷರ ಓದುತ್ತೇನೆ. ರಾತ್ರಿ ಅವಸರದಲ್ಲಿ ಟೈಪ್ ಮಾಡಿದವನು 8ರ ಜಾಗಕ್ಕೆ 3 ಹಾಕಿರುತ್ತಾನೆ. ಒಂದೆರಡು ಅಂಕಿ ತಪ್ಪಿದ್ದರೆ ಸಾವಿರ ರೂಪಾಯಿ ದಂಡದಲ್ಲಿ ಮುಗಿಸಬೇಕು ಅಂತ 2018ರ ಜಿಎಸ್‌ಟಿ ಸುತ್ತೋಲೆ ಇದೆ, ನಿಜ. ಆದರೆ ರಸ್ತೆ ಪಕ್ಕ ಅದನ್ನು ವಿವರಿಸುತ್ತಾ ನಿಲ್ಲುವ ಒಂದು ಗಂಟೆಯನ್ನು ಯಾರು ವಾಪಸ್ ಕೊಡುತ್ತಾರೆ? ಗಾಡಿ ಕೆಟ್ಟು ಮಾಲನ್ನು ಬೇರೆ ಗಾಡಿಗೆ ಹಾಕಿದರೂ ಹೊಸ ನಂಬರ್ ಹಾಕಿಸಿಯೇ ಹೊರಡಬೇಕು. ಬಿಲ್ಲಿನ ಆಯಸ್ಸು 200 ಕಿಲೋಮೀಟರಿಗೆ ಒಂದು ದಿನ, ಹಾಗಾಗಿ ಹುಬ್ಬಳ್ಳಿ ಲೋಡಿಗೂ ಆ ತೊಂದರೆ ಬಂದಿಲ್ಲ.

ಹುಬ್ಬಳ್ಳಿ ಅಂದಾಗ ನೆನಪಾಯಿತು, ಶಿರಾ ದಾಟಿದ ಮೇಲೆ ಒಮ್ಮೆ ಕಣ್ಣು ಮುಚ್ಚಿಹೋಯಿತು. ಪಕ್ಕದ ಬಸ್ಸಿನ ಹಾರ್ನ್ ಎಬ್ಬಿಸಿತು. ಬಂಕಿನಲ್ಲಿ ನಿಲ್ಲಿಸಿ, ಡಿಸ್ಪ್ಯಾಚಿನವರಿಗೆ ಫೋನ್ ಮಾಡಿ, 'ಅರ್ಧ ಗಂಟೆ ತಡ ಆಗುತ್ತೆ ಸಾರ್, ನಿದ್ದೆ ಬರ್ತಿದೆ' ಅಂದೆ. ಬೈಯ್ಯುತ್ತಾರೆ ಅಂದುಕೊಂಡಿದ್ದೆ. 'ಮಲಗಿ, ನಾನು ಅಲ್ಲಿಯವರಿಗೆ ಹೇಳ್ತೀನಿ' ಅಂದರು. ಡಿಸ್ಪ್ಯಾಚಿನಲ್ಲಿ ಕೂತಿದ್ದಾಗ ನನಗೂ ಅಷ್ಟೇ ಬೇಕಿತ್ತು. ಗಾಡಿ ತಡವಾದರೆ ಏನಾದರೂ ಸಮಾಧಾನ ಹೇಳಬಹುದು, ಡ್ರೈವರ್ ಫೋನೇ ಎತ್ತದಿದ್ದರೆ ಏನು ಹೇಳುವುದು? ಈಗ ಲೋಡ್ ಆದಾಗ ಒಂದು ಮೆಸೇಜು, ಅರ್ಧ ದಾರಿಯಲ್ಲಿ ಒಂದು, ಸೀಲ್ ಹಾಕಿದ ಕಾಪಿಯ ಫೋಟೋ ಒಂದು. ಬ್ರೋಕರ್ ಇಲ್ಲದೆ ನೇರವಾಗಿ ಕರೆಯುವ ಮೂರು ಶಾಪುಗಳು ನನಗೆ ಸಿಕ್ಕಿದ್ದು ಈ ಮೆಸೇಜಿನಿಂದಲೇ.

ದುಡ್ಡು ಬರುವುದು ಮಾತ್ರ ಅರ್ಜೆಂಟ್ ಅಲ್ಲ. ಮೂವತ್ತು ದಿನ ಅಂದದ್ದು ಅರವತ್ತಾಗುತ್ತದೆ. ಡೀಸೆಲ್ಲಿನಷ್ಟಾದರೂ ಮುಂಗಡ ಕೊಡದಿದ್ದರೆ ಹೊಸಬರ ಲೋಡ್ ಎತ್ತುವುದಿಲ್ಲ. ಮೊದಲ ವರ್ಷ ಬಿಲ್ಲಿನಲ್ಲಿ ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯುತ್ತಿದ್ದರು, ನಾನೂ ಸುಮ್ನೆ ಇದ್ದೆ. ಹತ್ತು ಗಾಡಿಯವರೆಗೆ ಇರುವ ಸಾಗಣೆಯವನು ಪ್ಯಾನ್ ನಂಬರ್ ಸಮೇತ ಒಂದು ಡಿಕ್ಲರೇಷನ್ ಕೊಟ್ಟರೆ ಹಿಡಿಯುವಂತಿಲ್ಲ ಅಂತ ಆಡಿಟರ್ ಹೇಳಿದ ಮೇಲೆ ಗೊತ್ತಾಯಿತು. ಗಾಡಿಯ ಇನ್ಶೂರೆನ್ಸು ಒಳಗಿರುವ ಮಾಲಿಗೆ ಬರುವುದಿಲ್ಲ ಅನ್ನುವುದೂ ಹಾಗೆಯೇ, ಮಳೆಯಲ್ಲಿ ಎರಡು ಕ್ರೇಟ್ ಮಾಲು ತುಕ್ಕು ಹಿಡಿದು ಬಾಡಿಗೆಯಲ್ಲಿ ಮುರಿದುಕೊಂಡಾಗ ತಿಳಿಯಿತು. ಹೊಸ ಟಾರ್ಪಾಲ್ ಅವತ್ತೇ ತಂದೆ.

ಮುಂದಿನ ತಿಂಗಳು ಎಫ್‌ಸಿ ಇದೆ. ಗಾಡಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಪೇಂಟ್ ಟಚಪ್ ಆಗಬೇಕು, ರಿಫ್ಲೆಕ್ಟರ್ ಟೇಪ್ ಹೊಸದು ಅಂಟಿಸಬೇಕು. ಎರಡು ದಿನ ಗಾಡಿ ಇರಲ್ಲ ಅಂತ ಮೂರೂ ಶಾಪಿನವರಿಗೆ ಈಗಲೇ ಹೇಳಿಟ್ಟಿದ್ದೇನೆ.